ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊರದೇಶದ ದಂಡ ಸಂಹಿತೆಯ ಯಾವ ಅನುವಾದವನ್ನು ನಂಬಬೇಕು?

ಪ್ರಶ್ನೆ: ನಾನು ಕಾನೂನು ಸ್ನಾತಕೋತ್ತರ ವಿದ್ಯಾರ್ಥಿನಿ. ಜರ್ಮನಿ ಮತ್ತು ಜಪಾನಿನ ದಂಡ ಸಂಹಿತೆಗಳಲ್ಲಿ ಆತ್ಮರಕ್ಷಣೆಯ ಹಕ್ಕು ಹೇಗಿದೆ ಎಂಬುದನ್ನು ಹೋಲಿಸಿ ಪ್ರಬಂಧ ಬರೆಯುತ್ತಿದ್ದೇನೆ. ಆ ಎರಡು ಭಾಷೆಗಳೂ ನನಗೆ ಬಾರವು. ಒಂದೇ ಸಂಹಿತೆಗೆ ಹಲವು ಇಂಗ್ಲಿಷ್ ಅನುವಾದಗಳು ಸಿಗುತ್ತಿದ್ದು, ಅವು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಅಧಿಕೃತ ಅನುವಾದವನ್ನಷ್ಟೇ ಉಲ್ಲೇಖಿಸಬೇಕೆಂದು ಮಾರ್ಗದರ್ಶಕರು ಹೇಳಿದ್ದಾರೆ. ಅದನ್ನು ಗುರುತಿಸುವುದು ಹೇಗೆ?

ಉತ್ತರ: ಸರ್ಕಾರವೇ ಪ್ರಕಟಿಸಿದ ಅನುವಾದಕ್ಕೂ ಸಾಮಾನ್ಯವಾಗಿ ಕಾನೂನಿನ ಬಲ ಇರುವುದಿಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಜಪಾನಿನ ನ್ಯಾಯ ಸಚಿವಾಲಯವು ತನ್ನ ಅನುವಾದಗಳ ಜಾಲತಾಣದಲ್ಲಿ, ರಾಜಪತ್ರದಲ್ಲಿ ಅಚ್ಚಾದ ಜಪಾನಿ ಪಠ್ಯಕ್ಕೆ ಮಾತ್ರ ಕಾನೂನಿನ ಬಲವಿದೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ಸ್ವಿಟ್ಜರ್ಲೆಂಡ್ ಕೂಡ ತನ್ನ ದಂಡ ಸಂಹಿತೆಯ ಇಂಗ್ಲಿಷ್ ಪಠ್ಯವನ್ನು ಕೇವಲ ಮಾಹಿತಿಗಾಗಿ ಒದಗಿಸುತ್ತದೆ; ಅಲ್ಲಿ ಜರ್ಮನ್, ಫ್ರೆಂಚ್ ಮತ್ತು ಇಟಾಲಿಯನ್ ಪಠ್ಯಗಳು ಮಾತ್ರ ಸಮಾನವಾಗಿ ಪ್ರಮಾಣ. ಕೆನಡಾದಂತಹ ದೇಶದಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ಮೂಲವೇ ಆಗಿರುವುದರಿಂದ ಈ ಪ್ರಶ್ನೆಯೇ ಏಳುವುದಿಲ್ಲ. ಆದ್ದರಿಂದ ನಿಮ್ಮ ಮಾರ್ಗದರ್ಶಕರ ಮಾತನ್ನು, ಸರ್ಕಾರ ಅಥವಾ ಅದರ ಸಂಸ್ಥೆ ಪ್ರಕಟಿಸಿದ, ಯಾವ ತಿದ್ದುಪಡಿಯವರೆಗಿನದು ಎಂದು ಖಚಿತವಾಗಿ ಹೇಳಬಹುದಾದ ಅನುವಾದ ಎಂದು ಅರ್ಥಮಾಡಿಕೊಳ್ಳುವುದು ಸರಿ. ಈ ಎರಡನೆಯ ಷರತ್ತಿನ ಕಡೆಗೆ ಹೆಚ್ಚು ಗಮನ ಕೊಡಿ ಎಂದು ಕೇಳಿಕೊಳ್ಳುತ್ತೇನೆ; ನಿಮಗೆ ಸಿಕ್ಕ ಅನುವಾದಗಳು ತಾಳೆಯಾಗದಿರಲು ಅನುವಾದಕರ ಶೈಲಿಗಿಂತ ಅವುಗಳ ಕಾಲವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಜರ್ಮನಿಯ ಸಂಹಿತೆಗೆ ಒಕ್ಕೂಟ ನ್ಯಾಯ ಸಚಿವಾಲಯದ ‘ಗೆಸೆಟ್ಸೆ ಇಮ್ ಇಂಟರ್ನೆಟ್’ ಜಾಲತಾಣವನ್ನು ನೋಡಿ. ಅಲ್ಲಿನ ಇಂಗ್ಲಿಷ್ ಅನುವಾದದ ತಲೆಯಲ್ಲಿ, ಯಾವ ದಿನಾಂಕದ ಯಾವ ಕಾಯ್ದೆಯ ತಿದ್ದುಪಡಿಯವರೆಗೆ ಅದರಲ್ಲಿ ಸೇರಿದೆ ಎಂಬ ಒಂದು ಸಾಲು ಇರುತ್ತದೆ. ಬೇರೆಡೆ ನಕಲಾಗಿ ಹರಡಿರುವ ಪ್ರತಿಗಳಲ್ಲಿ ಈ ಸಾಲೇ ಬಿಟ್ಟುಹೋಗಿದ್ದರೆ, ಆ ಪ್ರತಿಯನ್ನು ಉಲ್ಲೇಖಕ್ಕೆ ಬಳಸಬೇಡಿ. ಮೂಲ ಪಠ್ಯ ಪರಿಷ್ಕರಣೆಯಾದಾಗಲೆಲ್ಲ ಅನುವಾದವೂ ಒಡನೆಯೇ ಪರಿಷ್ಕರಣೆಯಾಗುವುದಿಲ್ಲವೆಂದು ಆ ತಾಣವೇ ಎಚ್ಚರಿಸುತ್ತದೆ. ಹೀಗಾಗಿ ಜರ್ಮನ್ ಪುಟವನ್ನೂ ತೆರೆದು, ಅದರ ಮೇಲ್ಭಾಗದಲ್ಲಿರುವ ಕೊನೆಯ ತಿದ್ದುಪಡಿಯ ದಿನಾಂಕವನ್ನು ಅನುವಾದದ ದಿನಾಂಕದೊಡನೆ ಹೋಲಿಸಿರಿ. ಇದಕ್ಕೆ ಭಾಷೆ ಬರಬೇಕಿಲ್ಲ, ಅಂಕಿಗಳನ್ನು ಓದಿದರೆ ಸಾಕು. ದಿನಾಂಕಗಳು ಬೇರೆಯಾಗಿದ್ದರೆ ನಿಮಗೆ ಬೇಕಾದ 32 ಮತ್ತು 33ನೇ ಕಲಂಗಳ ಮೂಲ ಪಠ್ಯವನ್ನು ಯಂತ್ರಾನುವಾದಕ್ಕೆ ಹಾಕಿ, ಉಪಕಲಂಗಳ ಸಂಖ್ಯೆ ಮತ್ತು ಷರತ್ತುಗಳು ಹೊಂದುತ್ತವೆಯೇ ಎಂದು ನೋಡಿ. ಯಂತ್ರಾನುವಾದ ಇರುವುದು ವ್ಯತ್ಯಾಸ ಪತ್ತೆಹಚ್ಚಲು. ಪ್ರಬಂಧದಲ್ಲಿ ಉಲ್ಲೇಖಿಸಲು ಅಲ್ಲ.

ಪಠ್ಯದಲ್ಲಿ ಅಚ್ಚಾಗಿರುವ ಕಲಮೆಲ್ಲ ಜಾರಿಯಲ್ಲಿದೆ ಎಂದೂ ಭಾವಿಸಬಾರದು. ವೃತ್ತಿಯಂತೆ ಆತ್ಮಹತ್ಯೆಗೆ ನೆರವಾಗುವುದನ್ನು ಅಪರಾಧವಾಗಿಸಿ 2015ರಲ್ಲಿ ಸೇರಿಸಿದ 217ನೇ ಕಲಮನ್ನು ಅಲ್ಲಿನ ಸಂವಿಧಾನ ನ್ಯಾಯಾಲಯ 2020ರ ಫೆಬ್ರವರಿ 26ರಂದು ಅಸಿಂಧುವೆಂದು ಘೋಷಿಸಿತು. ಹಳೆಯ ಅನುವಾದ ಓದಿದವರಿಗೆ ಇದು ತಿಳಿಯುವುದೇ ಇಲ್ಲ.

ಜಪಾನಿನ ಸಂಹಿತೆ 1907ರದು. ಅದರ ಅನುವಾದವನ್ನು ನ್ಯಾಯ ಸಚಿವಾಲಯವು 2009ರಲ್ಲಿ ಆರಂಭಿಸಿದ, ಮೇಲೆ ಹೇಳಿದ ಜಾಲತಾಣದಲ್ಲಿ ಪಡೆಯಬಹುದು. ನಿಮ್ಮ ಕೈಲಿರುವ ಪ್ರತಿ ಎಷ್ಟು ಹಳೆಯದೆಂದು ತಿಳಿಯಲು ಒಂದು ಸುಲಭ ಗುರುತಿದೆ. ದುಡಿಮೆಸಹಿತ ಸೆರೆವಾಸ ಮತ್ತು ದುಡಿಮೆರಹಿತ ಸೆರೆವಾಸ ಎಂಬ ಎರಡು ಶಿಕ್ಷೆಗಳನ್ನು 2022ರ ತಿದ್ದುಪಡಿ ಒಂದುಗೂಡಿಸಿತು. ಅದು 2025ರ ಜೂನ್ 1ರಿಂದ ಜಾರಿಗೆ ಬಂದಿದೆ. ಎರಡೂ ಬೇರೆಬೇರೆಯಾಗಿ ಕಾಣುವ ಪ್ರತಿಯನ್ನು ಇಂದಿನ ಕಾನೂನೆಂದು ಉಲ್ಲೇಖಿಸುವಂತಿಲ್ಲ.

ನಿಮ್ಮ ವಿಷಯದಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಜರ್ಮನಿಯ 33ನೇ ಕಲಂ, ಗೊಂದಲ, ಭಯ ಅಥವಾ ಗಾಬರಿಯಿಂದ ಆತ್ಮರಕ್ಷಣೆಯ ಮಿತಿ ಮೀರಿದವನಿಗೆ ಶಿಕ್ಷೆಯಿಲ್ಲ ಎನ್ನುತ್ತದೆ. ಜಪಾನಿನ 36ನೇ ವಿಧಿಯ ಎರಡನೇ ಭಾಗವಾದರೋ, ಮಿತಿ ಮೀರಿದಾಗ ಶಿಕ್ಷೆಯನ್ನು ಕಡಿಮೆ ಮಾಡಬಹುದು ಅಥವಾ ಮನ್ನಿಸಬಹುದು ಎಂದಷ್ಟೇ ಹೇಳುತ್ತದೆ. ಸಂಹಿತೆಗಳೆರಡನ್ನೇ ಮುಂದಿಟ್ಟುಕೊಂಡು ಹೋಲಿಸಿದರೆ, ಗಾಬರಿಗೊಂಡವನಿಗೆ ಜಪಾನಿನಲ್ಲಿ ಪೂರ್ಣ ರಕ್ಷಣೆ ಎಲ್ಲಿಯೂ ಇಲ್ಲವೆಂಬ ತೀರ್ಮಾನಕ್ಕೆ ನೀವು ಬಂದುಬಿಡುತ್ತೀರಿ. ಆದರೆ ಕಳ್ಳತನ ತಡೆಗೆಂದು 1930ರಲ್ಲಿ ಬಂದ ಪ್ರತ್ಯೇಕ ಕಾಯ್ದೆಯೊಂದರ ಮೊದಲ ವಿಧಿಯು, ಕಳ್ಳನನ್ನು ತಡೆಯುವಾಗಲೋ ಮನೆಗೆ ನುಗ್ಗಿದವನನ್ನು ಹೊರಹಾಕುವಾಗಲೋ ಭಯ ಅಥವಾ ದಿಗ್ಭ್ರಮೆಯಿಂದ ಸ್ಥಳದಲ್ಲಿಯೇ ಅವನನ್ನು ಗಾಯಗೊಳಿಸಿದ ಅಥವಾ ಕೊಂದ ವ್ಯಕ್ತಿಯನ್ನು, ಜೀವಕ್ಕೆ ಆ ಕ್ಷಣದ ಅಪಾಯ ಇರದಿದ್ದ ಪಕ್ಷದಲ್ಲಿಯೂ, ದಂಡಿಸುವುದಿಲ್ಲ. ಸಂಹಿತೆಯ ಅನುವಾದ ಎಷ್ಟೇ ನಿಷ್ಠವಾಗಿದ್ದರೂ ಇದು ಅದರೊಳಗೆ ಸಿಗದು. ಹಾಗಾಗಿ ಆ ದೇಶದ ದಂಡ ಕಾನೂನಿನ ಬಗ್ಗೆ ಬಂದಿರುವ ಒಂದು ಒಳ್ಳೆಯ ಪಠ್ಯಪುಸ್ತಕ ಅಥವಾ ವ್ಯಾಖ್ಯಾನವನ್ನು ಅನುವಾದದ ಜೊತೆಗೇ ಓದುವುದು ಅವಶ್ಯ.

ಮುಂದೆ ಬೇರೆ ದೇಶಗಳ ಕಾನೂನು ಬೇಕಾದರೆ, ದಕ್ಷಿಣ ಕೊರಿಯಾದ ಶಾಸನ ಸಂಶೋಧನಾ ಸಂಸ್ಥೆ, ಎಸ್ಟೋನಿಯಾದ ‘ರೀಗಿ ಟೆಯಾಟಯಾ’ ಮತ್ತು ಫಿನ್‌ಲೆಂಡಿನ ‘ಫಿನ್‌ಲೆಕ್ಸ್’ ಇಂಗ್ಲಿಷ್ ಅನುವಾದಗಳನ್ನು ಒದಗಿಸುತ್ತವೆ. ಯಾವುದೂ ಸಿಗದಿದ್ದಾಗ ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿಯ ‘ಶೆರ್ಲಾಕ್’ ಸಂಗ್ರಹದಲ್ಲಿ ಹುಡುಕಬಹುದು. ಅಲ್ಲಿ ಸಿಕ್ಕ ಪಠ್ಯದ ಕಾಲವನ್ನು ಮಾತ್ರ ನೀವೇ ಪರಿಶೀಲಿಸಿಕೊಳ್ಳಬೇಕು. ಅಡಿಟಿಪ್ಪಣಿಯಲ್ಲಿ ಪ್ರಕಾಶಕರ ಹೆಸರು, ಸೇರಿರುವ ಕೊನೆಯ ತಿದ್ದುಪಡಿ, ನೀವು ನೋಡಿದ ದಿನ, ಈ ಮೂರನ್ನೂ ತಪ್ಪದೆ ಕೊಡಿ.

ಪ್ರಶ್ನೆ: ಪ್ರಮಾಣಿತ ಅನುವಾದಕರ ಮುದ್ರೆ ಇರುವ ಪ್ರತಿಯು ಸರ್ಕಾರಿ ಜಾಲತಾಣದ ಅನುವಾದಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವೇ?

ಉತ್ತರ: ಆ ಮುದ್ರೆಯು, ತಮ್ಮ ಕೈಗೆ ಕೊಟ್ಟ ಪಠ್ಯವನ್ನು ನಿಷ್ಠೆಯಿಂದ ಅನುವಾದಿಸಿದ್ದೇವೆ ಎಂಬುದಕ್ಕೆ ಅನುವಾದಕರು ನೀಡುವ ಖಾತರಿ ಮಾತ್ರ. ಆ ಕಾನೂನು ಈಗಲೂ ಜಾರಿಯಲ್ಲಿದೆಯೇ, ಕೊಟ್ಟ ಪಠ್ಯ ಪೂರ್ಣವೇ ಎಂಬುದಕ್ಕೆ ಅವರು ಹೊಣೆಯಲ್ಲ. ನ್ಯಾಯಾಲಯಕ್ಕೆ ಸಲ್ಲಿಸಬೇಕಾದ ಸಂದರ್ಭದಲ್ಲಿ ಇಂತಹ ಪ್ರತಿಯನ್ನೇ ಕೇಳಬಹುದು. ಆಗ ಅನುವಾದಕರಿಗೆ ಕೊಡುವ ಮೂಲವನ್ನು ಆ ದೇಶದ ವಕೀಲರಿಂದ ಮೊದಲೇ ಪರಿಶೀಲಿಸಿಸಿ, ಆರೋಪಿತ ಕೃತ್ಯ ನಡೆದ ದಿನ ಜಾರಿಯಲ್ಲಿದ್ದ ಪಠ್ಯವನ್ನೂ ಈಗಿನ ಪಠ್ಯವನ್ನೂ ಜೊತೆಯಾಗಿ ಅನುವಾದ ಮಾಡಿಸಿರಿ. ಕೃತ್ಯದ ನಂತರ ಶಿಕ್ಷೆ ಕಡಿಮೆಯಾಗಿದ್ದರೆ ಆರೋಪಿಗೆ ಅದರ ಲಾಭ ಸಿಗಬೇಕೆಂಬ ನಿಯಮ ಜರ್ಮನಿಯ ಸಂಹಿತೆಯ 2ನೇ ಕಲಮಿನಲ್ಲಿಯೂ ಜಪಾನಿನ ಸಂಹಿತೆಯ 6ನೇ ವಿಧಿಯಲ್ಲಿಯೂ ಇದೆ.