ಸನ್ನೆಭಾಷೆಯ ಕೆಲಸ: ಸಂಭಾವನೆ ಎಷ್ಟು, ಕೊಡಬೇಕಾದವರು ಯಾರು?

ಪ್ರಶ್ನೆ: ಊರಿನ ಬ್ರಹ್ಮಕಲಶೋತ್ಸವದ ಧಾರ್ಮಿಕ ಸಭೆಯಲ್ಲಿ ಮಾತುಗಳನ್ನು ಕಿವುಡರಿಗೆ ಸನ್ನೆಭಾಷೆಯಲ್ಲಿ ಹೇಳಲು ಕರೆದಿದ್ದರು. ಮೂರೂವರೆ ಗಂಟೆ ಒಬ್ಬಳೇ ಮಾಡಿದೆ. ಕೊನೆಗೆ ಶಾಲು ಹೊದಿಸಿ 500 ರೂಪಾಯಿಯ ಕವರ್ ಕೊಟ್ಟರು. ಡಿಪ್ಲೊಮಾ ಆಗಿದೆ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿಯೂ ಇದೆ. ಎಷ್ಟು ಕೇಳಬೇಕು, ಹೇಗೆ ಕೇಳಬೇಕು?
– ಓದುಗರು, ಬದಿಯಡ್ಕ

ಉತ್ತರ: ಮೈಕ್‌ನವರಿಗೆ, ಶಾಮಿಯಾನದವರಿಗೆ ಮುಂಗಡ ಕೊಟ್ಟು ಗೊತ್ತು ಮಾಡುವ ಸಮಿತಿ ನಿಮಗೆ ಕವರ್ ಕೊಟ್ಟದ್ದು ಜಿಪುಣತನದಿಂದಲೇ ಇರಲಿಕ್ಕಿಲ್ಲ. ಮೈಕ್‌ನವರು ದರ ಹೇಳುತ್ತಾರೆ, ನೀವು ಹೇಳಲಿಲ್ಲ, ಅಷ್ಟೆ.

ದರ ಕಟ್ಟುವಾಗ ತಿಂಗಳಿನಿಂದ ಶುರು ಮಾಡಿ. ಕೈಗೆ 24,000 ಬೇಕು, ಫೋನು, ಇಂಟರ್ನೆಟ್ಟು, ತರಬೇತಿ, ನೋಂದಣಿ ನವೀಕರಣಕ್ಕೆಂದು 6,000 ತೆಗೆದಿಡಬೇಕು ಎಂದಿಟ್ಟುಕೊಳ್ಳಿ. ಒಟ್ಟು 30,000. ಇದನ್ನು 26 ದಿನಕ್ಕೆ ಹಂಚಿ 1,150 ಎಂದು ಹೇಳಿಬಿಡುವಲ್ಲೇ ಹೆಚ್ಚಿನವರು ಸೋಲುವುದು. ತಿಂಗಳಲ್ಲಿ ಸಂಬಳ ಹುಟ್ಟುವ ದಿನಗಳು 12 ಸಿಕ್ಕರೆ ದೊಡ್ಡದು. ಉಳಿದವು ತಯಾರಿಗೆ, ಓಡಾಟಕ್ಕೆ, ಕರೆ ಬಾರದೆ ಕೂರುವುದಕ್ಕೆ ಹೋಗುತ್ತವೆ. ಹಾಗಾಗಿ ದಿನದ ದರ 2,500. ಅರ್ಧ ದಿನಕ್ಕೆ ಅದರ ಅರ್ಧ ಹೇಳಬೇಡಿ, 1,600ರ ಆಸುಪಾಸು ಹೇಳಿ. ಬದಿಯಡ್ಕದಿಂದ ಕಾಞಂಗಾಡಿಗೆ ಹೋಗಿ ಬಂದ ಮೇಲೆ ಉಳಿದರ್ಧ ದಿನದಲ್ಲಿ ಬೇರೆ ಕೆಲಸ ಹಿಡಿಯಲು ಆಗುವುದಿಲ್ಲವಲ್ಲ. ಪ್ರಯಾಣ ವೆಚ್ಚ ಇದರ ಮೇಲೆ ಬೇರೆಯೇ.

ಒಂದು ಗಂಟೆಗಿಂತ ಉದ್ದದ ಸಭೆಗೆ ಇಬ್ಬರು ಬೇಕೇ ಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಅದಲು ಬದಲು. ಅರ್ಧ ಗಂಟೆ ದಾಟಿದ ಮೇಲೆ ತಪ್ಪುಗಳು ಹೆಚ್ಚುತ್ತವೆ, ಮಾಡುವವರಿಗೇ ಅದು ಗೊತ್ತಾಗುವುದಿಲ್ಲ. ಅಂಕಿಗಳು, ಹೆಸರುಗಳು ಮೊದಲು ಜಾರುತ್ತವೆ. ದಾನಿಗಳ ಪಟ್ಟಿ ಓದುವ ಹೊತ್ತು ನೆನೆಸಿಕೊಳ್ಳಿ: ಮನೆತನದ ಹೆಸರು, ಊರು, ಮೊತ್ತ ಒಂದರ ಬೆನ್ನಿಗೆ ಒಂದು ಬರುತ್ತವೆ. ಹೆಸರುಗಳಿಗೆ ಬೆರಳಕ್ಷರವೇ (ಒಂದೊಂದೇ ಅಕ್ಷರವನ್ನು ಬೆರಳಲ್ಲಿ ತೋರಿಸುವುದು) ಗತಿ, ಓದುವವರು ನಿಲ್ಲಿಸುವುದಿಲ್ಲ. ಆಗ ಪಕ್ಕದಲ್ಲಿ ಕುಳಿತ ಎರಡನೆಯವರು ಬಿಟ್ಟುಹೋದ ಹೆಸರನ್ನು ಎತ್ತಿ ಕೊಡುತ್ತಾರೆ. ಅವರು ವಿಶ್ರಾಂತಿಯಲ್ಲಿರುವುದಿಲ್ಲ, ಆದ್ದರಿಂದ ಇಬ್ಬರಿಗೂ ಪೂರ್ತಿ ದರ. ಒಂದು ಸಂಭಾವನೆಯನ್ನು ಇಬ್ಬರು ಹಂಚಿಕೊಳ್ಳುವ ರೂಢಿಗೆ ಒಪ್ಪಬೇಡಿ.

ಒಪ್ಪಿಕೊಂಡ ದಿನವೇ ವಾಟ್ಸ್ಆ್ಯಪ್‌ನಲ್ಲಾದರೂ ಬರೆದು ಕಳಿಸಿ. ಸಮಯ ಎಣಿಸುವುದು ಸಭೆ ಶುರುವಾದಾಗಿನಿಂದಲ್ಲ, ನಿಮ್ಮನ್ನು ಬರಹೇಳಿದ ಗಂಟೆಯಿಂದ. ಅತಿಥಿಗಳು ತಡವಾಗಿ ಬಂದ ಹೊತ್ತು ನಿಮಗೆ ನಷ್ಟವಾಗಬಾರದು. ಸಮಯ ಮೀರಿದರೆ ಪ್ರತಿ ಅರ್ಧ ಗಂಟೆಗೆ ಇಷ್ಟು, 48 ಗಂಟೆಯೊಳಗೆ ರದ್ದಾದರೆ ಅರ್ಧ, 24 ಗಂಟೆಯೊಳಗಾದರೆ ಪೂರ್ತಿ ಎಂದು ಬರೆಯಿರಿ. ಕಾರ್ಯಕ್ರಮ ಪಟ್ಟಿ, ಶ್ಲೋಕಗಳು, ದಾನಿಗಳ ಹೆಸರು ಮೂರು ದಿನ ಮುಂಚೆ ಕೈಗೆ ಬರಬೇಕು. ವಿಡಿಯೊ ಯೂಟ್ಯೂಬಿಗೆ ಹೋಗುವುದಿದ್ದರೆ ಅದಕ್ಕೆ ಪ್ರತ್ಯೇಕ ಮೊತ್ತ. ಉಚಿತವಾಗಿ ಮಾಡುವ ಮನಸ್ಸಿದ್ದರೆ ಮಾಡಿ, ಆದರೆ ಪೂರ್ತಿ ದರದ ಬಿಲ್ಲು ಬರೆದು ಕೆಳಗೆ "ಸೇವೆಯಾಗಿ ಬಿಟ್ಟುಕೊಟ್ಟದ್ದು" ಎಂದು ಸೇರಿಸಿ. ಮುಂದಿನ ಸಲ ಬರುವ ಇಂಟರ್‌ಪ್ರಿಟರ್‌ಗೆ (ಸನ್ನೆಭಾಷೆಯ ದುಭಾಷಿಗೆ) ಅದು ಆಧಾರವಾಗುತ್ತದೆ.

ಪ್ರಶ್ನೆ: ಕಿವುಡ ಬಾಲಕಿಯೊಬ್ಬಳ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣದಲ್ಲಿ ಹೇಳಿಕೆ ಪಡೆಯಲು ಪೊಲೀಸರು ಕರೆದಿದ್ದಾರೆ. ಹಣದ ಮಾತೆತ್ತಿದರೆ ತಪ್ಪಾಗುತ್ತದೆಯೇ?
– ಓದುಗರು, ಮಂಜೇಶ್ವರ

ಉತ್ತರ: ತಪ್ಪಿಲ್ಲ. ಇಂಥ ನೆರವಿಗೆ ಶುಲ್ಕ ಕೊಡಬೇಕೆಂದು 2012ರ ಪೋಕ್ಸೊ ಕಾಯ್ದೆಯೇ ಹೇಳುತ್ತದೆ. 2020ರ ಪೋಕ್ಸೊ ನಿಯಮಗಳ ಪ್ರಕಾರ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ದುಭಾಷಿಗಳ ಪಟ್ಟಿ ಇಟ್ಟುಕೊಂಡಿರಬೇಕು. ಸರ್ಕಾರ ಗೊತ್ತುಪಡಿಸುವ ದರ ಕುಶಲ ಕಾರ್ಮಿಕರ ಕನಿಷ್ಠ ವೇತನಕ್ಕಿಂತ ಕೆಳಗಿರುವಂತಿಲ್ಲ. ಅದು ತಳದ ಗೆರೆ, ನಿಮ್ಮ ದರವಲ್ಲ. ಆರ್‌ಸಿಐ ಪ್ರಮಾಣಪತ್ರ ಕೊಟ್ಟು ಆ ಪಟ್ಟಿಯಲ್ಲಿ ಹೆಸರು ಹಾಕಿಸಿ. ಹೋದ ದಿನವೇ ಬಂದ ಗಂಟೆ, ಹೊರಟ ಗಂಟೆ ನಮೂದಿಸಿ ಠಾಣೆಯ ಅಥವಾ ಕೋರ್ಟಿನ ಸಹಿ ಇರುವ ಹಾಜರಿ ಪತ್ರ ಪಡೆಯಿರಿ. ಬಿಲ್ಲು ವಾಪಸಾಗುವುದು ಬಹುಪಾಲು ಈ ಕಾಗದ ಇಲ್ಲದ್ದಕ್ಕೇ.

ನಮ್ಮ ಕಾಸರಗೋಡಿನ ಕಡೆ ಇನ್ನೊಂದು ತೊಡಕಿದೆ. ಮನೆಯವರು ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳುತ್ತಾರೆ, ದಾಖಲೆ ಮಲಯಾಳದಲ್ಲಿ ಆಗುತ್ತದೆ. ಆ ಬಾಯಿಮಾತಿನ ಅನುವಾದವನ್ನೂ ನಿಮ್ಮ ಹೆಗಲಿಗೇ ಹಾಕಿದರೆ ಅದು ಎರಡು ಕೆಲಸ. ಬೇರೆ ಅನುವಾದಕರನ್ನು ಕೇಳಿ, ಸಿಗದಿದ್ದರೆ ಬಿಲ್ಲಿನಲ್ಲಿ ಪ್ರತ್ಯೇಕ ಸಾಲು ಹಾಕಿ. ಶಾಲೆಗೆ ಹೋಗದ ಮಗುವಿಗೆ ಭಾರತೀಯ ಸನ್ನೆಭಾಷೆ ಬಾರದೆ, ಮನೆಯ ಸನ್ನೆಗಳಷ್ಟೇ ಗೊತ್ತಿರಬಹುದು. ಆಗ ಆ ಸನ್ನೆಗಳನ್ನು ನಿಮಗೆ ತಿಳಿಯುವ ಸನ್ನೆಭಾಷೆಗೆ ತಿರುಗಿಸಲು, ಸ್ವತಃ ಕಿವುಡರಾದ ಇಂಟರ್‌ಪ್ರಿಟರ್ ಒಬ್ಬರು ನಡುವೆ ಕೂರಬೇಕು. ಅವರಿಗೂ ನಿಮ್ಮಷ್ಟೇ ಶುಲ್ಕ. ಹುಡುಗಿಯ ಮನೆಯವರ ಪರಿಚಯ ನಿಮಗಿದ್ದರೆ ಮೊದಲೇ ತಿಳಿಸಿ ಹಿಂದೆ ಸರಿಯಿರಿ. ಹಣಕ್ಕಿಂತ ಇದು ಮುಖ್ಯ.

ಪ್ರಶ್ನೆ: ನಾನು ಕಿವುಡ. ಶಿಕ್ಷಕರ ತರಬೇತಿಯಲ್ಲಿ ಎರಡು ಗಂಟೆ ಸನ್ನೆಭಾಷೆ ಕಲಿಸಿದೆ. ನನ್ನ ಸನ್ನೆಯನ್ನು ಬಾಯಲ್ಲಿ ಹೇಳಿದವರಿಗೆ ಹಣ, ನನಗೆ ಸ್ಮರಣಿಕೆ. ಆಸ್ಪತ್ರೆಗೆ ಹೋದರೆ ಮಾತ್ರ ಇಂಟರ್‌ಪ್ರಿಟರ್ ಖರ್ಚು ನನ್ನದೇ!
– ಓದುಗರು, ಕುಂಬಳೆ

ಉತ್ತರ: ಎರಡೂ ಅನ್ಯಾಯ. ಪಾಠ ಮಾಡಿದವರು ನೀವು, ಹಾಗಾಗಿ ಮುಖ್ಯ ಸಂಭಾವನೆ ನಿಮ್ಮದು. ತಯಾರಿಯ ಸಮಯ ಸೇರಿಸಿ ಗಂಟೆಗೆ ಇಷ್ಟೆಂದು ಮೊದಲೇ ಬರೆದು ಕೊಡಿ. ಭಾರತೀಯ ಸನ್ನೆಭಾಷೆ ಕಲಿಸುವ ಡಿಪ್ಲೊಮಾ ಕಿವುಡರಿಗೆಂದೇ ಇದೆ. ಮಾಡಿದ್ದರೆ ಅದನ್ನೂ ಕಾಣಿಸಿ. ಕರೆ ಬಂದಾಗ "ಕಲಿಸುವವರಿಗೆ ಎಷ್ಟು ಕೊಡುತ್ತೀರಿ?" ಎಂದು ಕೇಳಬೇಕಾದದ್ದು ಇಂಟರ್‌ಪ್ರಿಟರ್‌ನ ಕರ್ತವ್ಯವೂ ಹೌದು.

ಆಸ್ಪತ್ರೆಯ ವಿಚಾರದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ, ಖಾಸಗಿ ಎರಡೂ ಕಡೆ ಅಡೆತಡೆಯಿಲ್ಲದ ಪ್ರವೇಶ ಇರಬೇಕೆನ್ನುತ್ತದೆ. ವೈದ್ಯರ ಭೇಟಿಗೆ ಕೆಲವು ದಿನ ಮುಂಚೆ ಇಂಟರ್‌ಪ್ರಿಟರ್ ಬೇಕೆಂದು ಲಿಖಿತವಾಗಿ ಕೇಳಿ. ವಿಡಿಯೊ ಕರೆಯ ಮೂಲಕವಾದರೂ ಸಾಕು ಎನ್ನಿ. ಒಪ್ಪದಿದ್ದರೆ ಆ ಪತ್ರದ ಪ್ರತಿಯೊಂದಿಗೆ ತಿರುವನಂತಪುರದಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ.

ಪ್ರಶ್ನೆ: ಮಂಗಳೂರಿನ ಮಧ್ಯವರ್ತಿಯೊಬ್ಬರು ಕೆಲಸ ಕೊಡಿಸುತ್ತಾರೆ, ಹಣ ಕಡಿತ ಮಾಡಿ ಕೊಡುತ್ತಾರೆ. ಗಡಿ ದಾಟಿ ಹೋದರೆ ಜಿಎಸ್‌ಟಿ ಬೇಕೇ?
– ಓದುಗರು, ಉಪ್ಪಳ

ಉತ್ತರ: ವರ್ಷದ ಒಟ್ಟು ಬಿಲ್ಲು 20 ಲಕ್ಷ ಮೀರದಿದ್ದರೆ ಇಂಥ ಸೇವೆಗೆ ನೋಂದಣಿ ಬೇಡ, ಹೊರರಾಜ್ಯದಲ್ಲಿ ಮಾಡಿದರೂ ಅಷ್ಟೇ. ಕಡಿತ ಎಂದರೆ ಟಿಡಿಎಸ್ಸೋ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಕಮಿಷನ್ನೋ ಬಿಡಿಸಿ ಕೇಳಿ. ಟಿಡಿಎಸ್ ಆದರೆ ನಿಮ್ಮ ಪ್ಯಾನ್ ಲೆಕ್ಕದಲ್ಲಿ ಕಾಣಬೇಕು, ರಿಟರ್ನ್ ಸಲ್ಲಿಸಿದರೆ ಹೆಚ್ಚುವರಿ ಕಡಿತ ವಾಪಸ್ ಬರುತ್ತದೆ. ಪ್ಯಾನ್ ಕೊಡದಿದ್ದರೆ 20 ಶೇಕಡಾ ಹೋಗುತ್ತದೆ. ಕಮಿಷನ್ ಆದರೆ, ಸಂಘಟಕರಿಂದ ಅವರು ಪಡೆದದ್ದೆಷ್ಟು ಎಂದು ಕೇಳಿ. ಆ ಅಂಕಿ ಹೇಳದವರ ಮುಂದಿನ ಕರೆಗೆ ನಿಮ್ಮ ಪೂರ್ತಿ ದರ ಮುಂಗಡವಾಗಿ ಬಂದರಷ್ಟೇ ಬಸ್ಸು ಹತ್ತಿ.