ಟಿವಿ ಶೋ ಗೆದ್ದರೆ ಮಗಳು ಗಾಯಕಿಯಾಗಿಯೇ ಬದುಕಬಹುದಾ?

ಹಾಸನದಿಂದ ಕೇಳಿದ್ದೀರಿ: ಮಗಳು ಪಾಪ್ ಹಾಡುತ್ತಾಳೆ, ಶೋ ಗೆದ್ದರೆ ಅದೇ ಕೆಲಸವಾಗುತ್ತಾ ಅಂತ.

ಆಗಬಹುದು, ಆದರೆ ಗೆಲುವೊಂದೇ ಸಾಲದು. ಅಮೆರಿಕದ ಗಾಯಕಿ ಕೆಲ್ಲಿ ಕ್ಲಾರ್ಕ್‌ಸನ್ ಅವರನ್ನೇ ನೋಡಿ. 2002ರಲ್ಲಿ ಅಲ್ಲಿನ ಟಿವಿ ಹಾಡಿನ ಸ್ಪರ್ಧೆ ಅಮೆರಿಕನ್ ಐಡಲ್‌ನ ಮೊದಲ ಸೀಸನ್ ಗೆದ್ದಾಗ ಅವರಿಗೆ 20 ವರ್ಷ. ಗೆದ್ದ ಕೂಡಲೇ ಬಂದ ಹಾಡು ಅಲ್ಲಿನ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದರಲ್ಲಿ ಶೋನ ಬಿಸಿಯೇ ಜಾಸ್ತಿ ಅನ್ನಿಸುತ್ತದೆ ನನಗೆ. ನಿಜವಾದ ತಿರುವು 2004ರ ಎರಡನೇ ಆಲ್ಬಂ, 'ಬ್ರೇಕ್‌ಅವೇ'. ಪಾಪ್‌ಗೆ ರಾಕ್ ಗಿಟಾರ್ ಬೆರೆಸಿದರು, ಹಾಡು ಬರೆಯುವುದರಲ್ಲೂ ಕೈಜೋಡಿಸಿದರು. 2006ರಲ್ಲಿ ಎರಡು ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂದವು. ಸ್ವಂತ ದನಿ ಸಿಕ್ಕಿತ್ತು, ಅಲ್ವಾ?

ಸೋತರೂ ದಾರಿ ಮುಚ್ಚುವುದಿಲ್ಲ: ನಮ್ಮಲ್ಲಿ ಗಾಯಕ ಅರಿಜಿತ್ ಸಿಂಗ್ 2005ರ ಒಂದು ಟಿವಿ ಹಾಡಿನ ಶೋನಲ್ಲಿ ಸೋತವರು. ದೊಡ್ಡ ಹೆಸರು ಬಂದಿದ್ದು 2013ರಲ್ಲಿ.

ಸ್ವಂತ ದನಿಗೆ ಮೊದಲು ಸರಿಯಾದ ಶ್ರುತಿ ಬೇಕು. ಗಣೇಶನ ಪೆಂಡಾಲ್‌ನಲ್ಲಿ ಒಬ್ಬ ಹುಡುಗಿ ಹಾಡುವುದನ್ನು ಕೇಳಿದ್ದೆ. ಶ್ರುತಿ ಎತ್ತರವಾಗಿ, ಚರಣಕ್ಕೆ ಬರುವಷ್ಟರಲ್ಲಿ ಕತ್ತಿನ ನರ ಉಬ್ಬಿತ್ತು. ಮುಂದಿನ ಹಾಡಿಗೆ ಕೀಬೋರ್ಡ್‌ನವರು ಶ್ರುತಿಯನ್ನು ಒಂದು ಮನೆ, ಅಂದರೆ ಒಂದು ಕೀಯಷ್ಟು, ಇಳಿಸಿದ್ದೇ ತಡ, ದನಿ ಅರಳಿತು. ಮಗಳ ಶ್ರುತಿ ಯಾವುದು ಅಂತ ಈಗಲೇ ಗುರುಗಳ ಹತ್ತಿರ ಕೂತು ಗೊತ್ತುಮಾಡಿಕೊಳ್ಳಿ. ಶೋಗೆ ಆಯ್ಕೆಯಾದರೆ, ಅವರು ಕೊಡುವ ಒಪ್ಪಂದವನ್ನು ವಕೀಲರಿಗೆ ತೋರಿಸದೆ ಸುಮ್ನೆ ಸಹಿ ಹಾಕಬೇಡಿ.