ದೋಣಿಗೆ ಎಷ್ಟು ಎಂ.ಎಂ. ವಯರ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಫೈಬರ್ ನಾಡದೋಣಿಯಲ್ಲಿ ಬ್ಯಾಟರಿ ಮುಂದಿನ ಪೆಟ್ಟಿಗೆಯಲ್ಲಿದೆ. ತಳದ ನೀರು ಹೊರಹಾಕುವ 12 ವೋಲ್ಟ್ ಪಂಪ್ ಹಿಂದೆ, 6 ಮೀಟರ್ ದೂರದಲ್ಲಿದೆ. 4 ಆಂಪಿಯರ್ ಎಂದು ಬರೆದಿದೆ. ಒಂದು ಎಂ.ಎಂ. ವಯರ್ ಹತ್ತು ಆಂಪಿಯರ್ ತಡೆಯುತ್ತದೆ ಎಂದು ಅಂಗಡಿಯವರು ಕೊಟ್ಟರು. ಪಂಪ್ ತಿರುಗುತ್ತದೆ, ನೀರು ಮಾತ್ರ ಸಣ್ಣಗೆ ಬರುತ್ತದೆ. ಯಾಕೆ?
– ಗಂಗೊಳ್ಳಿಯ ಓದುಗರು

ಉತ್ತರ: ಅಂಗಡಿಯವರ ಮಾತು ಸುಳ್ಳಲ್ಲ, ಹತ್ತು ಆಂಪಿಯರ್ ಹರಿದರೂ ಆ ವಯರ್ ಸುಡದು. ಆದರೆ 12 ವೋಲ್ಟಿನಲ್ಲಿ ವಯರ್ ಬಿಸಿಯಾಗುವುದಕ್ಕೆ ಎಷ್ಟೋ ಮೊದಲೇ ವೋಲ್ಟೇಜ್ ಕುಸಿದಿರುತ್ತದೆ. ನಿಮ್ಮ ಪಂಪಿನಷ್ಟೇ, ಅಂದರೆ 48 ವಾಟಿನ ಸಾಧನ ಮನೆಯ 230 ವೋಲ್ಟಿನಲ್ಲಿ 0.2 ಆಂಪಿಯರ್ ಎಳೆಯುತ್ತದೆ, ದೋಣಿಯಲ್ಲಿ 4 ಆಂಪಿಯರ್. ದಾರಿಯಲ್ಲಿ ಒಂದು ವೋಲ್ಟ್ ಹೋದರೆ ಮನೆಯಲ್ಲಿ ಗೊತ್ತೇ ಆಗುವುದಿಲ್ಲ. ದೋಣಿಯಲ್ಲಿ ಅದು ಹನ್ನೆರಡರಲ್ಲಿ ಒಂದು ಪಾಲು.

ಲೆಕ್ಕ ಸುಲಭ. ಬ್ಯಾಟರಿಯಿಂದ ಪಂಪಿಗೆ ಹೋಗಿ ಮರಳಿ ಬರುವ ಪೂರ್ತಿ ಉದ್ದವನ್ನು ಮೀಟರಿನಲ್ಲಿ ಅಳೆಯಿರಿ. ಅದನ್ನು ಆಂಪಿಯರಿನಿಂದಲೂ 0.0175ರಿಂದಲೂ (ತಾಮ್ರದ ರೋಧದ ಅಂಕಿ) ಗುಣಿಸಿ, ವಯರಿನ ಎಂ.ಎಂ.ನಿಂದ (ಅಡ್ಡಕೊಯ್ತದ ಚದರ ಮಿಲಿಮೀಟರ್) ಭಾಗಿಸಿ. ಬಂದದ್ದೇ ದಾರಿಯಲ್ಲಿ ಕಳೆಯುವ ವೋಲ್ಟ್. ಹೆಚ್ಚಿನವರು ಎಡವುವುದು ಉದ್ದದಲ್ಲಿ: ನೆಗೆಟಿವ್ ವಯರನ್ನು ಮರೆಯುತ್ತಾರೆ. ನಿಮ್ಮದು 6 ಅಲ್ಲ, 12 ಮೀಟರ್. ಒಂದು ಎಂ.ಎಂ.ನಲ್ಲಿ 0.84 ವೋಲ್ಟ್, ಅಂದರೆ ಶೇ 7 ಹೋಗುತ್ತದೆ. ಎರಡೂವರೆ ಎಂ.ಎಂ.ನಲ್ಲಿ 0.34 ಮಾತ್ರ.

ಪಂಪ್, ವಯರ್‌ಲೆಸ್, ಫಿಶ್ ಫೈಂಡರ್ (ಮೀನು ಪತ್ತೆ ಹಚ್ಚುವ ಸಾಧನ), ಸಂಚಾರ ದೀಪಗಳಿಗೆ ಶೇ 3, ಅಂದರೆ 0.36 ವೋಲ್ಟ್ ಮೀರಬಾರದು. ಒಳಗಿನ ದೀಪ, ಫ್ಯಾನಿಗೆ ಶೇ 10ರವರೆಗೆ ನಡೆಯುತ್ತದೆ. ಎರಡೂವರೆ ನಿಮಗೆ ಸಾಕು, ಆದರೆ ಅಳತೆ ವಯರ್ ಹೋಗುವ ದಾರಿಯಲ್ಲೇ ಆಗಬೇಕು. ಅಂಚಿನಡಿ ಸುತ್ತಿಸಿ ಎಳೆದು 6 ಮೀಟರ್ 8 ಆದರೆ 4 ಎಂ.ಎಂ. ಹಾಕಿ. ಸಣ್ಣ ಎಲ್‌ಇಡಿಗೆ ಲೆಕ್ಕದಲ್ಲಿ ಅರ್ಧ ಎಂ.ಎಂ. ಸಾಕೆಂದು ಬಂದರೂ ಒಂದೂವರೆಗಿಂತ ಕೆಳಗೆ ಇಳಿಯಬೇಡಿ. ಇಂಜಿನ್ ನಡುಕಕ್ಕೆ ತೆಳು ವಯರ್ ತುಂಡಾಗುತ್ತದೆ.

ಪಾಸಿಟಿವ್‌ನಲ್ಲಿ, ಬ್ಯಾಟರಿಯಿಂದ 18 ಸೆಂ.ಮೀ. ಒಳಗೆ, ಪಂಪಿನ ತಯಾರಕರು ಫ್ಯೂಸಿಗೆಂದು ಹೇಳಿದಷ್ಟೇ ಆಂಪಿಯರಿನ ಫ್ಯೂಸ್ ಇರಲಿ. ಅದು ಪದೇ ಪದೇ ಹೋದರೆ ದೊಡ್ಡದು ಹಾಕಬೇಡಿ. ಜಾಲರಿ ತೆಗೆದು ನೋಡಿ: ಬಲೆಯ ನೂಲು ಸುತ್ತಿ ಪಂಪ್ ಸಿಕ್ಕಿಹಾಕಿಕೊಂಡಾಗ ಕರೆಂಟ್ ಕೆಲವು ಪಟ್ಟು ಏರುತ್ತದೆ, ಆಗ ವಯರನ್ನು ಉಳಿಸುವುದು ಆ ಫ್ಯೂಸ್ ಒಂದೇ.

ಪ್ರಶ್ನೆ: ವಯರ್‌ಲೆಸ್ ಸೆಟ್‌ನಲ್ಲಿ ಕೇಳಿಸುತ್ತದೆ. ಮಾತಾಡಲು ಬಟನ್ ಒತ್ತಿದರೆ ಸೆಟ್ ಆಫ್ ಆಗುತ್ತದೆ. ಬ್ಯಾಟರಿ ಹೊಸದು.
– ಕಾರವಾರದ ಓದುಗರು

ಉತ್ತರ: 25 ವಾಟಿನ ವಿಎಚ್‌ಎಫ್ ಸೆಟ್ ಕೇಳುವಾಗ ಅರ್ಧ ಆಂಪಿಯರ್ ಆಸುಪಾಸು, ಮಾತಾಡುವಾಗ 5ರಿಂದ 6 ಆಂಪಿಯರ್ ಎಳೆಯುತ್ತದೆ. ಕರೆಂಟ್ ಹತ್ತು ಪಟ್ಟಾದರೆ ವೋಲ್ಟೇಜ್ ನಷ್ಟವೂ ಹತ್ತು ಪಟ್ಟು. ಬ್ಯಾಟರಿ 6 ಮೀಟರ್ ದೂರವಿದ್ದರೆ 4 ಎಂ.ಎಂ. ಬೇಕು.

ಹೊಸ ವಯರ್ ತರುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಒಬ್ಬರು ಬಟನ್ ಒತ್ತಿರಲಿ. ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಸೆಟ್ಟಿನ ಪಾಸಿಟಿವ್ ತುದಿಗೂ ಮೀಟರ್ ಇಟ್ಟು ನೋಡಿ. ಆಮೇಲೆ ನೆಗೆಟಿವ್ ಕಡೆ ಹಾಗೆಯೇ. ಎರಡೂ ಸೇರಿ ಲೆಕ್ಕಕ್ಕೆ ಹೊಂದಿದರೆ ದೋಷ ವಯರಿನ ಗಾತ್ರದ್ದು. ಲೆಕ್ಕಕ್ಕಿಂತ ತುಂಬಾ ಹೆಚ್ಚಿದ್ದರೆ ಫ್ಯೂಸ್ ಹೋಲ್ಡರ್, ಲಗ್ (ವಯರ್ ತುದಿಯ ಲೋಹದ ಬಳೆ) ಅಥವಾ ಯಾವುದೋ ಜೋಡಣೆ ತುಕ್ಕು ಹಿಡಿದಿದೆ.

ನೆಗೆಟಿವ್ ಕಡೆಯೇ ಹೆಚ್ಚು ತೋರಿಸಿದರೆ ಪಂಪ್, ದೀಪ, ಸೆಟ್ ಎಲ್ಲಕ್ಕೂ ಒಂದೇ ನೆಗೆಟಿವ್ ಇದೆಯೇ ನೋಡಿ. ಆ ಒಂದೇ ವಯರಿನಲ್ಲಿ ಎಲ್ಲರ ಕರೆಂಟೂ ಕೂಡುತ್ತದೆ. ಎರಡೂವರೆ ಎಂ.ಎಂ., 6 ಮೀಟರ್, 12 ಆಂಪಿಯರ್ ಎಂದರೆ ನೆಗೆಟಿವ್‌ನಲ್ಲೇ ಅರ್ಧ ವೋಲ್ಟ್ ಹೋಯಿತು. ಸೆಟ್ಟಿಗೆ ಬೇರೆಯೇ ಜೋಡಿ ವಯರ್ ಎಳೆಯಿರಿ.

ಪ್ರಶ್ನೆ: ಮನೆ ವಯರಿಂಗ್‌ನಲ್ಲಿ ಉಳಿದ ವಯರ್ ದೋಣಿಗೆ ಬಳಸಬಹುದೇ?
– ಹೊನ್ನಾವರದ ಓದುಗರು

ಉತ್ತರ: ಒಂಟಿ ಎಳೆಯದ್ದು ಬೇಡವೇ ಬೇಡ, ನಡುಕಕ್ಕೆ ಮುರಿಯುತ್ತದೆ. ಬಹು ಎಳೆಯ ತಾಮ್ರದ್ದು ಶರಾವತಿ ಹಿನ್ನೀರಿನಲ್ಲಿ ಸ್ವಲ್ಪ ಕಾಲ ಬಂದೀತು, ಸಮುದ್ರಕ್ಕೆ ಇಳಿಯುವ ದೋಣಿಗಾದರೆ ತವರ ಲೇಪಿಸಿದ ತಾಮ್ರದ ಸಣ್ಣ ಎಳೆಗಳ ವಯರನ್ನೇ ಕೊಳ್ಳಿ. ಅಗ್ಗಕ್ಕೆ ಸಿಕ್ಕಿದ ವಯರಾದರೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ತಾಮ್ರದ ಬಣ್ಣದಡಿ ಬಿಳಿ ಕಂಡರೆ ಅದು ಅಲ್ಯೂಮಿನಿಯಂ, ಉಪ್ಪುನೀರಿಗೆ ಪುಡಿಯಾಗುತ್ತದೆ.

ಜೋಡಣೆಯನ್ನು ತಿರುಚಿ ಟೇಪ್ ಸುತ್ತಬೇಡಿ. ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿಟ್ಟು ಇಕ್ಕಳದಿಂದ ಒತ್ತಿ), ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ತೆರೆದ ತುದಿಯಿಂದ ಉಪ್ಪುನೀರು ಎಳೆಗಳ ಸಂದಿಯಲ್ಲಿ ಒಳಗೊಳಗೇ ಏರುತ್ತದೆ. ತುದಿ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ. ಒಂದಡಿ ಕತ್ತರಿಸಿದರೂ ಕಪ್ಪೇ ಇದ್ದರೆ ಆ ವಯರ್ ಪೂರ್ತಿ ಬದಲಿಸಿ.